ಪರೀಕ್ಷೆಯೊಳಗೆ ಬಂದ ಅಕ್ಕ

"ಏನು ಕೇಳಿದರು?" ಎಂದು ನಾನು ನನ್ನ ತಂಗಿ ಗಂಗಾಳನ್ನು ಹೋದ ವರ್ಷವೇ ಒಂದು ಮಾತು ಕೇಳಬೇಕಿತ್ತು, ಕೇಳಲಿಲ್ಲ. ಇಂದು ಬೆಳಿಗ್ಗೆಯಿಂದ ಮಗ್ಗದ ಮುಂದೆ ಕೂತರೂ ನೇಯ್ಗೆ ಸಾಗುತ್ತಿಲ್ಲ. ಎಳೆ ಹರಿಯುತ್ತದೆ, ಗಂಟು ಹಾಕುತ್ತೇನೆ, ಮತ್ತೆ ಹರಿಯುತ್ತದೆ. ಪಕ್ಕದ ಕೋಣೆಯಲ್ಲಿ ಅವಳು ಗೋಡೆಯ ಜೊತೆ ಇಂಗ್ಲಿಷ್ ಮಾತಾಡುತ್ತಿದ್ದಾಳೆ.

ನಾನು ಐದನೇ ಇಯತ್ತೆಗೆ ಸಾಲಿ ಬಿಟ್ಟವಳು. ನನ್ನ ಇಂಗ್ಲಿಷು ಬಸ್ಸು, ಟಿಕೆಟ್ಟಿನಾಚೆ ಹೋಗಿಲ್ಲ. ಗಂಗಾ ನರ್ಸಿಂಗ್ ಮುಗಿಸಿದ್ದಾಳೆ. ಹೋದ ವರ್ಷ ಬಾಗಲಕೋಟೆಯ ಒಂದು ದವಾಖಾನೆಯ ಕೆಲಸಕ್ಕೆ ಅವಳನ್ನು ಇಂಗ್ಲಿಷಿನಲ್ಲಿ ಮಾತಾಡಿಸಿ ಪರೀಕ್ಷೆ ಮಾಡಿ, ಭಾಷೆ ಬರುವುದಿಲ್ಲವೆಂದು ಕಳಿಸಿದರು. ಹೊರಗೆ ಕಾದಿದ್ದ ನಾನು ಊರಿಗೆ ಮರಳುವ ಬಸ್ಸಿನಲ್ಲಿ ಕಮತಗಿ ದಾಟುವವರೆಗೂ ಬೈದೆ. ಹುನಗುಂದ ಬರುವಷ್ಟರಲ್ಲಿ ಬೈಗುಳ ತೀರಿ ಮತ್ತೆ ಮೊದಲಿನಿಂದ ಶುರು ಮಾಡಿದ್ದೆ. "ಇಷ್ಟು ಓದಿ ಮೂಕಿ ಆದೆಲ್ಲ!" ಅವಳು ಕಿಟಕಿಯ ಕಡೆಯೇ ನೋಡುತ್ತಿದ್ದಳು.

ನಮ್ಮ ಇಳಕಲ್ ಸೀರೆಗೆ ಸೆರಗಿನ ಎಳೆಗಳನ್ನು ಮೈಯ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕಬೇಕು. ಚಿಕ್ಕಂದಿನಲ್ಲಿ ಅವಳು ಎಳೆ ಕೊಡುತ್ತಿದ್ದಳು, ನಾನು ಸೇರಿಸುತ್ತಿದ್ದೆ. ಒಮ್ಮೆ ಸೀರೆ ಒಯ್ಯಲು ಬಂದ ಸಾವಕಾರರಿಗೆ "ಇದನ್ನ ನಾ ಮಾಡೇನ್ರಿ" ಎಂದಳು. ತೊಡೆ ಚಿವುಟಿದೆ. "ದೊಡ್ಡವರ ಮುಂದ ನಾ, ನಾ ಅನಬಾರದು. ಅಕ್ಕ ಮಾಡ್ಯಾಳ ಅನ್ನು." ನಮ್ಮ ಮನೆಯ ರೀತಿಯೇ ಹಾಗೆ. ಯಾರ ಕೆಲಸ ಎಂದು ಕೇಳಿದರೆ ನಾನು ಅವ್ವನ ಕಡೆ, ಅವ್ವ ಅಜ್ಜಿಯ ಕಡೆ, ಅಜ್ಜಿ ದೇವರ ಜಗಲಿಯ ಕಡೆ ಕೈ ತೋರಿಸುವುದು. ಸೀರೆ ನೇಯ್ದವರು ಯಾರೆಂದು ಕೊನೆಗೂ ಗೊತ್ತಾಗುತ್ತಿರಲಿಲ್ಲ.

ಕೋಣೆಯ ಇಂಗ್ಲಿಷಿನ ನಡುವೆ 'ಅಕ್ಕ' ಎಂದು ಕೇಳಿಸಿತು. ಅವಳು ತಟ್ಟನೆ ನಿಲ್ಲಿಸಿ ಮೊದಲಿನಿಂದ ಶುರು ಮಾಡಿದಳು. ಮತ್ತೆ 'ಅಕ್ಕ'. ಎದ್ದು ಹೋದೆ.

"ಅದರಾಗ ನಾ ಯಾಕ ಬಂದೆ?"

"ಬರಬ್ಯಾಡ ಅಂದ್ರೂ ಬರ್ತೀ," ಎಂದು ನಕ್ಕಳು. "ನೀ ಮಾಡಿದ ದೊಡ್ಡ ಕೆಲಸ ಯಾವುದು ಅಂತ ಕೇಳ್ತಾರ. ಆವತ್ತು ನಾ, ಅಕ್ಕ ಸಾಲಿ ಬಿಟ್ಟು ನೇಯ್ದು ನನ್ನ ಓದಿಸಿದ್ದು ಹೇಳಿದೆ. ಅಕ್ಕಂದು ಬ್ಯಾಡ, ನಿಂದು ಹೇಳು ಅಂದ್ರು. ಅಂಥಾ ದೊಡ್ಡವರ ಮುಂದ ನನ್ನ ನಾ ಹೆಂಗ ಹೊಗಳಿಕೊಳ್ಳಲಿ? ಸುಮ್ಮ ಕುಂತೆ."

ಅವರು ಅಳೆದದ್ದು ಏನನ್ನು, ನೀವೇ ಹೇಳಿ. ಅವಳ ಇಂಗ್ಲಿಷನ್ನೋ, ನಾನು ಚಿವುಟಿ ಕಲಿಸಿದ್ದನ್ನೋ?

"ನಾಳೆ ಮತ್ತ ಪರೀಕ್ಷೆಗೆ ಹೋಗ್ತೇನಿ. ನಾ ಅನ್ನೂದು ಕಲಿಯಾಕತ್ತೇನಿ, ನಾಲಿಗಿ ಏಳವಲ್ದು."

ನಾನು ಅವಳ ಮುಂದೆ, ಪರೀಕ್ಷೆ ಮಾಡುವವರು ಕೂರುವ ಹಾಗೆ, ಕೂತೆ.

"ನನ್ನ ಮುಂದ ಹೇಳು ಗಂಗಾ. ನಾ ಅನ್ನು, ಯಾರೂ ಚಿವುಟೂದಿಲ್ಲ. ಆವತ್ತು ಏನ್ ಕೇಳಿದ್ರು ಅಂತ ಕೇಳಲಾರದ ಬೈದೆ. ನಂದು ತಪ್ಪಾತವ್ವಾ."