ನಿಶ್ಶಬ್ದದ ಬೋರ್ಡಿನ ಕೆಳಗೊಂದು ಮೇಜು

ನನಗೆ ಪಿಸುಗುಟ್ಟಲು ಬರುವುದಿಲ್ಲ. ಬಸ್ ಕಂಡಕ್ಟರ್, ಕಾಲೇಜಿನ ಪ್ರಿನ್ಸಿಪಾಲರು, ಕೆಮ್ಮುವ ಹಳೇ ಟ್ರ್ಯಾಕ್ಟರ್, ಯಾವ ದನಿಯಾದರೂ ಎರಡು ನಿಮಿಷದಲ್ಲಿ ಆಡಿ ತೋರಿಸುತ್ತೇನೆ. ಇದೊಂದು ಮಾತ್ರ ಒಲಿದಿಲ್ಲ. ತಪ್ಪು ನನ್ನದಲ್ಲ, ಜಿಲ್ಲೆಯದು. ನಾಲೆಯ ಈ ದಡದಲ್ಲಿ ನಿಂತು ಆ ದಡದ ಕಬ್ಬಿನೊಳಗಿರುವವನನ್ನು ಊಟಕ್ಕೆ ಕರೆದು ಕರೆದು ನಮ್ಮ ಗಂಟಲು ಹದಗೊಂಡಿದೆ. ಮದ್ದೂರಿನಲ್ಲಿ ಒಬ್ಬರು ಇನ್ನೊಬ್ಬರ ಕಿವಿಯಲ್ಲಿ ಗುಟ್ಟು ಹೇಳಿದರೆ, ಹೊರಟು ನಿಂತ ಮಳವಳ್ಳಿ ಬಸ್ಸಿನ ಹಿಂದಿನ ಸೀಟಿನವನು ಕಿಟಕಿಯಿಂದ ತಲೆ ಹಾಕಿ "ಆಮೇಲೆ?" ಅನ್ನುತ್ತಾನೆ.

ಇಂಥ ಊರಿನ ನಮ್ಮ ಲೈಬ್ರರಿಗೆ ಮೇಲಿನವರು ಒಬ್ಬ ಸಮಾಜ ಕಾರ್ಯಕರ್ತೆಯನ್ನು ಕಳಿಸಿದರು. ಜನ ಪೇಪರ್ ಓದಲು ಹೇಗೂ ಬರುತ್ತಾರೆ, ಜೊತೆಗೆ ಕಷ್ಟಸುಖವನ್ನೂ ಹೇಳಿಕೊಂಡು ಹೋಗಲಿ ಎಂಬುದು ಯೋಜನೆ. ಯೋಚಿಸಿದವರು ಪುಣ್ಯವಂತರು, ಆದರೆ ಅವರು ಎಂದೂ ನಮ್ಮ ಕಡೆ ಒಂದು ಟೀ ಕುಡಿದವರಲ್ಲ. ಮಂಗಳವಾರ, ಶುಕ್ರವಾರ ಮಂಡ್ಯದಿಂದ ರೂಪಾ ಮೇಡಂ ಬರತೊಡಗಿದರು. ಇದ್ದದ್ದೇ ಒಂದು ಹಾಲ್. ಲೈಬ್ರರಿಯನ್ ನಿಂಗರಾಜು ಸಾರ್ ಅವರಿಗೊಂದು ಮೇಜು ಹಾಕಿಸಿದರು. ಎಲ್ಲಿ ಅಂತೀರಿ? "ನಿಶ್ಶಬ್ದವಾಗಿರಿ" ಎಂಬ ಬೋರ್ಡಿನ ನೇರ ಕೆಳಗೆ. ಮೇಜಿನ ಮೇಲೆ ಇನ್ನೊಂದು ಬೋರ್ಡು: "ನಿಮ್ಮ ಮನಸ್ಸಿನ ಮಾತು ಹೇಳಿಕೊಳ್ಳಿ. ಗುಟ್ಟಾಗಿರುತ್ತದೆ."

ಗುಟ್ಟು ಹೇಗಿತ್ತೆಂದರೆ, ಮೊದಲು ಬಂದ ಸೋಮನಹಳ್ಳಿಯ ಯಜಮಾನರು ಸೊಸೆ ಜೊತೆ ಮಾತು ಬಿಟ್ಟ ಸಂಗತಿಯನ್ನು ಮೇಡಂ ಕಿವಿಗೆ ಮಾತ್ರ ಎಂದು ಹೇಳಿಕೊಂಡರು. ಮುಗಿಯುವಷ್ಟರಲ್ಲಿ ಕ್ರೀಡಾ ಪುಟದ ಹಿಂದಿನಿಂದ ಒಬ್ಬರು ಪರಿಹಾರ ಸೂಚಿಸಿದರು. ಸಂಪಾದಕೀಯದ ಹಿಂದಿದ್ದವರು ಅದನ್ನು ಖಂಡಿಸಿದರು.

ಮೂರು ವರ್ಷದಿಂದ ಅದೇ ಹಾಲಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದ ನನಗೆ ಇದಕ್ಕಿಂತ ಒಳ್ಳೆಯ ಸರಕು ಎಲ್ಲಿ ಸಿಗಬೇಕು? ಸ್ಪರ್ಧೆ ತನ್ನ ಪಾಡಿಗೆ ನಡೆಯುತ್ತಿತ್ತು, ನಾನು ನನ್ನ ಪಾಡಿಗೆ ಓದುತ್ತಿದ್ದೆ, ಇಬ್ಬರೂ ಭೇಟಿಯಾಗಿರಲಿಲ್ಲ. ಎದುರಿನ ಟೀ ಅಂಗಡಿಯಲ್ಲಿ ಮೇಡಂ ದನಿಯಲ್ಲಿ "ಹೇಳಿ, ನಾನು ಕೇಳಿಸಿಕೊಳ್ತಿದ್ದೀನಿ" ಎಂದು ಮೆಲ್ಲಗೆ ಶುರು ಮಾಡಿ, ಯಜಮಾನರ ಗಂಟಲಿಗೆ ಜಿಗಿಯುತ್ತಿದ್ದೆ. ಜನ ವಡೆ ಕೈಯಲ್ಲಿ ಹಿಡಿದು ತಿನ್ನುವುದನ್ನು ಮರೆಯುತ್ತಿದ್ದರು. ಕಲಾವಿದನಿಗೆ ಇನ್ನೇನು ಬೇಕು?

ಒಂದು ಶುಕ್ರವಾರ ಆಟ ಮುಗಿಸಿ ತಿರುಗಿದರೆ, ಕೈಚೀಲ ಹಿಡಿದ ಒಬ್ಬ ಅಜ್ಜಿ ನನ್ನನ್ನೇ ನೋಡುತ್ತಾ ನಿಂತಿದ್ದರು. ಊರು, ಹೆಸರು ಹೇಳುವುದಿಲ್ಲ. ಸುತ್ತ ಹಳ್ಳಿಗಳಿಗೇನು ಬರವಿಲ್ಲ, ಒಂದನ್ನು ಹಾಕಿಕೊಳ್ಳಿ. ಅಜ್ಜಿ ನನ್ನನ್ನು ಸೈಕಲ್ ನಿಲ್ಲಿಸುವ ಮೂಲೆಗೆ ಎಳೆದರು.

"ಒಳಗೆ ಏಳಿದ್ನ ನೀನು ಈಚೆಗೆ ಬಂದು ಆಡಿ ತೋರುಸ್ತೀಯಲ್ಲ, ನಾಳೆ ನಮ್ ಮೊಮ್ಮಗಳ ಇಸ್ಯನೂ ಇಂಗೇ ಆಡ್ತೀಯೇನಪ್ಪ?"

ನನ್ನ ಬಳಿ ಊರಿನವರೆಲ್ಲರ ದನಿ ಇತ್ತು. ನನ್ನದೇ ದನಿಯಲ್ಲಿ "ಇಲ್ಲ ಕಣಜ್ಜಿ, ಆಡಲ್ಲ" ಅಂದೆ.

"ಅದಿನಾರು ತುಂಬಿಲ್ಲ ಅದ್ಕೆ. ಮದ್ವೆಗೆ ದಿನ ಗೊತ್ ಮಾಡವ್ರೆ. ಓದ್ತೀನಿ ಅಂತ ನನ್ನ ಕಾಲ್ ಇಡ್ಕತದೆ. ಗೊತ್ ಮಾಡ್ದೋನು ಅವಳ ದೊಡ್ಡಪ್ಪ, ಒಳಗೆ ಅಲ್ಲೇ ಕುಂತವ್ನೆ ನೋಡು, ಪೇಪರ್ ಇಡ್ಕಂಡು. ಈ ಗಂಟ್ಲಲ್ಲಿ ನಾ ಎಂಗ್ ಏಳ್ಲಿ? ಸಂದೇಕೇ ಗೊತ್ತಾಗಿ ನಾಳೀಕೇ ತಾಳಿ ಕಟ್ಸಬುಡ್ತಾರೆ."

ಆ ದೊಡ್ಡಪ್ಪ ನನಗೆ ಚೆನ್ನಾಗಿ ಗೊತ್ತು. ದಿನಾ ಬಂದು ಹನ್ನೆರಡು ರಾಶಿಯ ಭವಿಷ್ಯವನ್ನೂ ಓದುವವರು, ಮನೆಯವರ ಭವಿಷ್ಯವನ್ನು ಬಿಟ್ಟು. ಟೀ ಅಂಗಡಿಯಲ್ಲಿ ನನ್ನ ಆಟಕ್ಕೆ ಎಲ್ಲರಿಗಿಂತ ಜೋರಾಗಿ ನಗುವವರು.

ಒಳಗೆ ಹೋಗಿ ಮೇಡಂಗೂ ನಿಂಗರಾಜು ಸಾರ್‌ಗೂ ಚೀಟಿ ಬರೆದು ತೋರಿಸಿದೆ. ಬಾಯಿಬಿಡುವ ಧೈರ್ಯ ನನಗೂ ಇರಲಿಲ್ಲ. ಉಗ್ರಾಣದ ಕೋಣೆಯ ಬೀಗದಕೈ ವರ್ಗವಾಗಿ ಹೋದ ಯಾರದೋ ಜೇಬಿನಲ್ಲಿತ್ತು. ಹೊರಗೆ ಮರದಡಿ ಕರೆದುಕೊಂಡು ಹೋದರೆ ಏನೋ ಗುಟ್ಟಿದೆ ಎಂದು ಊರಿಗೇ ಗೊತ್ತಾಗುತ್ತದೆ. ಮೇಜಿನ ಮುಂದೆ ಕೂತರೆ ಪಿಂಚಣಿ ವಿಷಯವೆಂದು ಯಾರೂ ತಿರುಗಿ ನೋಡುವುದಿಲ್ಲ, ಕೇಳಿಸಬಾರದು, ಅಷ್ಟೇ. ನಿಂಗರಾಜು ಸಾರ್ ಗೋಡೆಯ ಬೋರ್ಡನ್ನೊಮ್ಮೆ ನೋಡಿದರು. ಇಪ್ಪತ್ತು ವರ್ಷದಿಂದ ಪುಟ ತಿರುವುವ ಸದ್ದಿಗೂ ಗದರಿದವರು, ನನ್ನನ್ನು ಎರಡು ಸಲ ಆಚೆ ಅಟ್ಟಿದವರು.

"ಓಗ್ಲಾ, ಆ ಬಾಗ್ಲತ್ರ ನಿಂತ್ಕೊ," ಅಂದರು. "ನಂದೇ ಆಡು. ಅರ್ಧ ಗಂಟೆ ನಿಲ್ಲುಸ್ಬ್ಯಾಡ."

ಆಡಿದೆ. ಅವರು ಪುಸ್ತಕ ವಾಪಸು ಕೇಳುವ ದನಿ, ಅವರ ಸೀನು, ಸೀನಿಗೆ ಮುಂಚಿನ ಆ ದೀರ್ಘ ಮೌನ. ಹಾಲ್ ಹಾಲೇ ನಕ್ಕಿತು. ದೊಡ್ಡಪ್ಪ ಕುರ್ಚಿಯನ್ನೇ ನನ್ನ ಕಡೆ ತಿರುಗಿಸಿಕೊಂಡು, ಕಣ್ಣೊರೆಸಿಕೊಂಡು ನಕ್ಕರು. ಅವರ ಬೆನ್ನ ಹಿಂದೆ, ಆರು ಮೊಳ ದೂರದಲ್ಲಿ, ಅಜ್ಜಿ ತಮ್ಮ ಪೂರ್ತಿ ಗಂಟಲಲ್ಲಿ ಮೇಡಂಗೆ ಗುಟ್ಟು ಹೇಳುತ್ತಿದ್ದರು. ಒಂದು ಅಕ್ಷರವೂ ಕೇಳಿಸಲಿಲ್ಲ.

ಮದುವೆ ನಿಂತಿತು. ಅಧಿಕಾರಿಗಳು ಮನೆಗೆ ಬಂದರಂತೆ, ಬರೆಸಿಕೊಂಡರಂತೆ. ಉಳಿದದ್ದು ನನಗೆ ತಿಳಿಯದು. ಮೇಡಂ ಬಾಯಿ ಬಿಡುವುದಿಲ್ಲ, ಅವರು ಮಂಡ್ಯದಲ್ಲಿ ಹುಟ್ಟಿದವರೇ ಎಂದು ನನಗೆ ಅನುಮಾನ. ದೊಡ್ಡಪ್ಪ ಮಾರನೇ ವಾರ ಬಂದು "ಯಾವನ್ಲಾ ಏಳ್ದೋನು?" ಎಂದು ಇಡೀ ಹಾಲನ್ನು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ನನ್ನನ್ನೂ ಕೇಳಿದರು. ಪುಸ್ತಕದಲ್ಲಿ ಮುಖವಿಟ್ಟೆ. ಆ ಪುಟ ಇವತ್ತಿಗೂ ಬಾಯಿಪಾಠ. ಪರೀಕ್ಷೆಯಲ್ಲಿ ಮಾತ್ರ ಅದನ್ನು ಕೇಳುವುದಿಲ್ಲ.

ಅಂದಿನಿಂದ ನಿಂಗರಾಜು ಸಾರ್ ಹೊಸ ನಿಯಮ ಮಾಡಿದರು: ಮೇಜಿನ ಮುಂದೆ ಯಾರಾದರೂ ಕೂತರೆ ಉಳಿದವರೆಲ್ಲ ಮಾತಾಡಬೇಕು. ಲೈಬ್ರರಿಯ ಇತಿಹಾಸದಲ್ಲಿ ನಮ್ಮ ಜನ ಶ್ರದ್ಧೆಯಿಂದ ಪಾಲಿಸಿದ ಏಕೈಕ ನಿಯಮ ಅದು. ಹುಡುಗಿ ಈಗ ಮಂಡ್ಯದಲ್ಲಿ ಡಿಗ್ರಿ ಓದುತ್ತಿದ್ದಾಳೆ. "ಬರ್ಕೊಳಣ್ಣ, ಆಡ್ಬೇಡ ಅಷ್ಟೇ" ಎಂದು ಅವಳೇ ಅಪ್ಪಣೆ ಕೊಟ್ಟಿದ್ದರಿಂದ ಬರೆದಿದ್ದೇನೆ. ನಾನು ಅದೇ ಕುರ್ಚಿಯಲ್ಲಿದ್ದೇನೆ.

ಹೋದ ತಿಂಗಳು ಮತ್ತೊಂದು ಪರೀಕ್ಷೆಯ ಫಲಿತಾಂಶ ಬಂತು, ಪಟ್ಟಿಯಲ್ಲಿ ನನ್ನ ನಂಬರ್ ಇರಲಿಲ್ಲ. ಮನೆಯಲ್ಲಿ ಇನ್ನೂ ಬಂದಿಲ್ಲವೆಂದೇ ಹೇಳಿದ್ದೆ. ಮೂರು ದಿನ ಯಾರ ದನಿಯನ್ನೂ ಆಡಲಿಲ್ಲ. ಮಂಗಳವಾರ ಬೆಳಿಗ್ಗೆ ಎದ್ದು, ಏನೋ ಪೆನ್ನು ಕೇಳಲು ಹೋದವನಂತೆ ಹೋಗಿ, ಮೇಡಂ ಎದುರಿನ ಕುರ್ಚಿಯಲ್ಲಿ ಕೂತೆ.

ಹಿಂದೆ ಪೇಪರುಗಳನ್ನು ಮಡಚಿದ ಸದ್ದಾಯಿತು. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಮಳೆ ಬಗ್ಗೆ ಜೋರಾಗಿ ಜಗಳ ತೆಗೆದರು. ಆಮೇಲೆ, ನಿಯಮಕ್ಕೆ ಎಲ್ಲರಂತೆ ಒಗ್ಗಿಹೋಗಿದ್ದ ಆ ದೊಡ್ಡಪ್ಪನೇ ಎದ್ದು ಬಾಗಿಲ ಹತ್ತಿರ ನಿಂತು, ನಿಂಗರಾಜು ಸಾರ್ ಸೀನುವುದನ್ನು ನಾನು ಆಡುವ ಹಾಗೆ ಆಡತೊಡಗಿದರು. ಒಂದು ಚೂರೂ ಹೋಲುತ್ತಿರಲಿಲ್ಲ. ತಿದ್ದೋಣ ಅನ್ನಿಸಿತು.

"ಹೇಳಿ," ಅಂದರು ಮೇಡಂ, "ನಾನು ಕೇಳಿಸಿಕೊಳ್ತಿದ್ದೀನಿ."

ಹೇಳಿದೆ, ನನ್ನ ಪೂರ್ತಿ ಗಂಟಲಲ್ಲಿ.