ತೊಳೆದಿಟ್ಟ ನಾಲ್ಕು ಬಾಟಲಿ

ಏನನ್ನಾದರೂ ಮುಚ್ಚಿಡಬೇಕು ಅಂದರೆ ಮೊದಲು ಬಾಟಲಿ ತೊಳೆಯುವ ಚಟ ಬಿಡಬೇಕು. ಹೋದ ವಾರ ನಾನು ಕಲಿತ ಪಾಠ ಇದು.

ನಾಲ್ಕು ಬಿಯರ್ ಬಾಟಲಿಗಳನ್ನು ಬಿಸಿನೀರಿನಲ್ಲಿ ತಿಕ್ಕಿ ತೊಳೆದು, ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಬೋರಲು ಹಾಕಿದವಳು ನಾನೇ. ಅದೂ ಇಳಕಲ್‌ನ ನಮ್ಮ ಮನೆಯಲ್ಲಿ. ಎಂಬತ್ತು ದಾಟಿದ ಅತ್ತೆ ದಿನವೂ ತಪ್ಪದೆ ಲಿಂಗಪೂಜೆ ಮಾಡುವ ಮನೆಯಲ್ಲಿ.

ಯಾಕೆ ತೊಳೆದೆ? ನಮ್ಮ ಕಡೆ ಗಾಜಿನ ಬಾಟಲಿಯನ್ನು ಯಾರಾದರೂ ಎಸೆಯುತ್ತಾರೆಯೇ? ಎಣ್ಣೆಗೆ ಬೇಕು, ಜೇನಿಗೆ ಬೇಕು, ಯಾವುದಕ್ಕೂ ಬೇಡವಾದರೂ ಅಟ್ಟದ ಮೇಲೆ ಇಡಲು ಬೇಕು. ಕೈ ತಾನೇ ತೊಳೆಯಿತು. ತಲೆ ಆಮೇಲೆ ಬಂತು.

ಆದರೆ ನಿಜವಾದ ಎಡವಟ್ಟು ಶುರುವಾದದ್ದು ಮೂರು ವರ್ಷದ ಹಿಂದೆ. ಬಾಗಲಕೋಟೆಯಲ್ಲಿರುವ ನಮ್ಮ ಭಾವನವರ ಮಗಳು ಅಕ್ಷತಾ, ಆಹಾರ ವಿಜ್ಞಾನ ಓದಿದವಳು, ಮೈಸೂರಿನ ಕಡೆ ಬಿಯರ್ ತಯಾರಿಸುವ ಪುಟ್ಟ ಕಂಪನಿಯೊಂದಕ್ಕೆ ಸೇರಿದಳು. ‘ಏನ್ ಮಾಡ್ತಾರವಾ ಆ ಕಂಪನ್ಯಾಗ?’ ಎಂದು ಅತ್ತೆ ಕೇಳಿದಾಗ ಭಾವನವರು ಫ್ಯಾನ್ ನೋಡಿದರು. ನಮ್ಮವರು ಭಾವನವರನ್ನು ನೋಡಿದರು. ನಾನು ಹೇಳಿಬಿಟ್ಟೆ: ‘ಬಾರ್ಲಿ ಹುರೀತಾರ್ರಿ.’

ಸುಳ್ಳೇನಲ್ಲ, ಬಿಯರ್ ಆಗುವುದು ಬಾರ್ಲಿಯಿಂದಲೇ. (ಆದರೆ ಅರ್ಧ ಸತ್ಯ ಹೇಳಿದ್ದಕ್ಕೆ ಕಾನ್ವೆಂಟ್‌ನಲ್ಲಿ ಸಿಸ್ಟರ್ ನನ್ನನ್ನು ಒಂದು ಪೀರಿಯಡ್ ಪೂರ್ತಿ ಕ್ಲಾಸಿನ ಹೊರಗೆ ನಿಲ್ಲಿಸಿದ್ದರು. ಬುದ್ಧಿ ಬಂದಿಲ್ಲ ಅಂತ ಕಾಣುತ್ತದೆ.)

ನಮ್ಮ ಓಣಿಯಲ್ಲಿ ಬಾರ್ಲಿ ಅಂದರೆ ಒಂದೇ ಅರ್ಥ. ಉರಿಮೂತ್ರಕ್ಕೆ, ಕಿಡ್ನಿ ಕಲ್ಲಿಗೆ ಕುದಿಸಿ ಕುಡಿಸುವ ಕಾಳು. ಅಂದಿನಿಂದ ಅತ್ತೆಯ ಲೆಕ್ಕದಲ್ಲಿ ಮೊಮ್ಮಗಳು ರೋಗಿಗಳ ಸೇವೆಗೆ ನಿಂತವಳು. ಓಣಿಗೆಲ್ಲ ಹೇಳಿದ್ದೂ ಆಯಿತು. ಎದುರು ಮನೆಯ ಗಂಗವ್ವ ಗಂಡನ ಕಲ್ಲಿಗೆಂದು ‘ಆಕಿ ಬರೋ ಮುಂದ ಒಂದ್ ಕಿಲೋ ತರಾಕ ಹೇಳ್ರಿ’ ಎಂದು ಆರ್ಡರನ್ನೂ ಕೊಟ್ಟಳು.

ಕೊನೆಗೆ ಅಕ್ಷತಾಳದೇ ಫೋನ್ ಬಂತು. (ಅವಳಿಗೆ ನಾನು ಕಾಕು, ಅಜ್ಜಿ ಆಯಿ.)

‘ಕಾಕು, ಇನ್ನ ನನ್ನ ಕೈಲೆ ಆಗೂದಿಲ್ರಿ. ಫೋನ್ ಮಾಡಿದಾಗೊಮ್ಮೆ ಆಯಿ, ಇವತ್ತ ಎಷ್ಟ ಮಂದೀನ್ನ ಆರಾಮ ಮಾಡಿದಿ ಅಂತ ಕೇಳ್ತಾಳ. ಬಂದು ಖರೆ ಹೇಳಿಬಿಡ್ತೇನಿ.’

‘ಆಯಿ ಮಾತ ಬಿಟ್ರ?’

‘ಅದಕ್ಕ ಹೆದರಿಕಿ ಕಾಕು’ ಎಂದಳು. ಆಯಿಯ ಮಡಿಲಲ್ಲೇ ಬೆಳೆದ ಹುಡುಗಿ. ಅವಳಿಗೆ ಬೇರೆ ಯಾರ ಹೆದರಿಕೆಯೂ ಇಲ್ಲ.

ಅಮಾವಾಸ್ಯೆಯ ದಿನ ಬಂದಳು. ಅತ್ತೆ ಓಣಿಯ ಹೆಂಗಸರ ಜೊತೆ ಗಾಡಿ ಮಾಡಿಕೊಂಡು ಶಿವಯೋಗ ಮಂದಿರಕ್ಕೆ ಹೋಗಿದ್ದರು. ನಮ್ಮವರು ಅಂಗಡಿಯಲ್ಲಿ. ಅಕ್ಷತಾ ಬ್ಯಾಗು ಬಿಚ್ಚಿದಳು. ಚೂಡಿದಾರಗಳ ನಡುವೆ ಸುತ್ತಿಟ್ಟ ನಾಲ್ಕು ಬಾಟಲಿ.

‘ಇವೆಲ್ಲ ಸ್ಟೌಟ್ ಅಂತ ಕಾಕು, ಕರೀ ಬಿಯರ್. ಮೊದಲ ನೀವ ರುಚಿ ನೋಡ್ರಿ. ನಾ ಏನ್ ಮಾಡ್ತೇನಿ ಅಂತ ನಿಮಗ ಗೊತ್ತಿಲ್ದ ಆಯಿ ಮುಂದ ನನ್ನ ಪರವಾಗಿ ಹೆಂಗ ಮಾತಾಡ್ತೀರಿ?’

ಲಾಯರ್ ಆಗಬೇಕಿತ್ತು ಹುಡುಗಿ.

ನಾನು ಬಿಯರ್ ಕುಡಿದದ್ದು ಜೀವನದಲ್ಲಿ ಒಮ್ಮೆ, ಗೆಳತಿಯ ಮದುವೆ ಪಾರ್ಟಿಯಲ್ಲಿ, ಎರಡು ಗುಟುಕು. ಕಹಿ ಸೋಡಾ ಅನ್ನಿಸಿತ್ತು. ಇದು ಬೇರೆಯೇ. ಗಾಜಿನ ಲೋಟಕ್ಕೆ ಸುರಿದರೆ ಕಾಡಿಗೆಯಷ್ಟು ಕಪ್ಪು, ಮೇಲೆ ಫಿಲ್ಟರ್ ಕಾಫಿಯ ಬಣ್ಣದ ನೊರೆ. ಫ್ರಿಜ್ಜಿನಲ್ಲಿಡಲು ಹೋದರೆ ತಡೆದಳು. ‘ಭಾಳ ತಣ್ಣಗಾದ್ರ ಹುರಿದ ವಾಸನಿ ಬರೂದಿಲ್ರಿ.’

ಹುರಿದ ವಾಸನೆಯೇ? ಅದು ನನ್ನ ಸಬ್ಜೆಕ್ಟು!

ಮೊದಲನೆಯದು ಡ್ರೈ ಸ್ಟೌಟ್. ಸಿಹಿಯ ಸುಳಿವಿಲ್ಲ. ಗುರೆಳ್ಳು ಚಟ್ನಿಗೆ ಕಾಳು ಹುರಿಯುವಾಗ ಚಟಪಟ ನಿಂತ ಮೇಲೂ ಅರೆಗಳಿಗೆ ಹಂಚಿನ ಮೇಲೆ ಬಿಟ್ಟರೆ ಬರುವ ಒಗರು ಕಹಿ. ಎರಡನೆಯದು ಮಿಲ್ಕ್ ಸ್ಟೌಟ್. ‘ಇದಕ್ಕ ಹಾಲಿನ ಸಕ್ಕರಿ ಹಾಕ್ತೇವಿ. ಹುಳಿ ಬರಿಸೋ ಯೀಸ್ಟಿಗೆ ಅದು ಅರಗೂದಿಲ್ಲ, ಸಿಹಿ ಹಂಗ ಉಳೀತೈತಿ.’ ನನಗಂತೂ ಹಾಲಿನ ಪಾತ್ರೆಯ ತಳ ಕೆರೆದು ಬೆಲ್ಲ ಹಚ್ಚಿ ತಿಂದ ನೆನಪು. ಚಿಕ್ಕವಳಿದ್ದಾಗ ಆ ಪಾತ್ರೆಗಾಗಿ ತಂಗಿಯ ಜಡೆ ಎಳೆದಿದ್ದೆ.

ಮೂರನೆಯದು ಇಂಪೀರಿಯಲ್ ಸ್ಟೌಟ್. ಗಟ್ಟಿ, ಘಾಟು, ಎದೆಯಲ್ಲಿ ಬೆಚ್ಚಗೆ ಇಳಿಯುವಂಥದ್ದು. ಒಣದ್ರಾಕ್ಷಿ, ಉತ್ತತ್ತಿ, ಕಪ್ಪು ಬೆಲ್ಲ. ‘ಅಕ್ಷತಾ, ಇದು ಕುಡಿಯೋ ಕರದಂಟು!’ ಎಂದೆ. ಕರದಂಟಿಗೆ ಹೆಸರಾದ ಅಮೀನಗಡದವರು ಕ್ಷಮಿಸಬೇಕು. ಕರದಂಟಿನ ಹಾಗೆಯೇ ಇದೂ ಒಂದು ಚೂರು ಸಾಕು. ಎರಡನೇ ಗುಟುಕಿಗೇ ನಾನು ಕಾರಣವಿಲ್ಲದೆ ನಗತೊಡಗಿದ್ದೆ.

ನಾಲ್ಕನೆಯದು ಓಟ್ಸ್ ಹಾಕಿದ ಓಟ್‌ಮೀಲ್ ಸ್ಟೌಟ್. ನಾಲಿಗೆಯ ಮೇಲೆ ಜೋಳದ ಅಂಬಲಿಯಷ್ಟು ನುಣುಪು. ಕಹಿಯೂ ಉಂಟು, ಸಿಹಿಯೂ ಉಂಟು, ಯಾವುದೂ ಜಗಳಕ್ಕೆ ಬರುವುದಿಲ್ಲ. ನಾಲ್ಕರಲ್ಲಿ ನನಗೆ ಹಿಡಿಸಿದ್ದು ಇದೇ. ಕೊನೆಯಲ್ಲಿ ಮಾತ್ರ ಒಂದೆಳೆ ಸುಟ್ಟ ವಾಸನೆ. ಹೇಳೋಣವೇ ಅಂದುಕೊಳ್ಳುವಷ್ಟರಲ್ಲಿ, ‘ಇದರ ರೆಸಿಪಿ ನಂದು ಕಾಕು, ಹುರಿದಾಕೀನೂ ನಾನ’ ಎಂದಳು.

ಹೇಳಲಿಲ್ಲ. (ಮತ್ತೆ ಅರ್ಧ ಸತ್ಯ!)

ಎಲ್ಲದರಲ್ಲೂ ಎರಡೆರಡು ಗುಟುಕು ಕುಡಿದು ಉಳಿದದ್ದನ್ನು ಮನಸ್ಸಿಲ್ಲದ ಮನಸ್ಸಿನಿಂದ ಚೆಲ್ಲಿದೆವು. ಓಟ್‌ಮೀಲ್ ಮಾತ್ರ ಅವಳ ಕಾಕಾನಿಗೆಂದು ತಂಬಿಗೆಯಲ್ಲಿ ಹಾಕಿ ತಟ್ಟೆ ಮುಚ್ಚಿಟ್ಟೆ. ಆಮೇಲೆ ಆ ಬಾಟಲಿ ತೊಳೆಯುವ ಮಹಾಕಾರ್ಯ.

ಇಳಿಹೊತ್ತಿಗೆ ಅತ್ತೆ ಬಂದರು. ಕಾಲು ತೊಳೆಯಲು ನೇರ ಹಿತ್ತಲಿಗೇ ಹೋದರು. ನನಗೆ ಆಗ ನೆನಪಾಯಿತು.

‘ಬಾಟ್ಲಿ ಚಂದ ಅದಾವಲ್ಲ. ಯಾವ ಎಣ್ಣೀವು?’

ಉತ್ತರಕ್ಕೂ ಕಾಯದೆ ಅತ್ತೆ ಅಡುಗೆಮನೆಗೆ ಬಂದು ತಂಬಿಗೆಯ ತಟ್ಟೆ ಸರಿಸಿದರು. ಓಣಿಯ ಹೆಂಗಸರು ಗುರೆಳ್ಳು ಹುರಿದರೆ ಸಾಕಾಯಿತೋ ಇಲ್ಲವೋ ಎಂದು ತಂದು ಮೂಸಿಸುವ ಮೂಗು ಅದು. ಬಗ್ಗಿ ಮೂಸಿದರು.

‘ಯಾರ ಹುರದಾರ ಇದನ್ನ? ಉರಿ ಜೋರ ಇಟ್ಟಾರ. ಅವಸರ ಮಾಡ್ಯಾರ.’

‘ನಾನ, ಆಯಿ.’ ಅಕ್ಷತಾ ಮುಂದೆ ಬಂದಳು. ‘ಇದು ಬ್ಯಾನಿಯವರಿಗೆ ಕೊಡೋ ಬಾರ್ಲಿ ನೀರಲ್ಲ ಆಯಿ. ಬಿಯರ್. ನಾ ಬಿಯರ್ ಮಾಡ್ತೇನಿ.’

ಅತ್ತೆ ತಟ್ಟೆ ಮುಚ್ಚಿದರು. ನನ್ನ ಕಡೆ ತಿರುಗಿದರು. ‘ನಿನಗ ಗೊತ್ತಿತ್ತ?’

‘ಹೂಂರಿ.’

‘ಮೂರು ವರ್ಷ?’

‘ಹೂಂರಿ.’

ನೇರ ಪೂಜೆಗೆ ಹೋದರು. ಊಟಕ್ಕೆ ಕೂತಾಗ ಯಾರ ಜೊತೆಗೂ ಮಾತಿಲ್ಲ. ಅಕ್ಷತಾ ರೊಟ್ಟಿ ಮುರಿದದ್ದೇ ಬಂತು, ಬಾಯಿಗೆ ಹೋಗಲಿಲ್ಲ. ನಮ್ಮವರಂತೂ ತಂಬಿಗೆಯ ಹತ್ತಿರವೂ ಸುಳಿಯಲಿಲ್ಲ.

ಬೆಳಿಗ್ಗೆ ಅಕ್ಷತಾ ಬಸ್ಸಿಗೆ ಹೊರಟು ನಿಂತಳು. ಅತ್ತೆ ಒಳಗಿನಿಂದ ಕೈಚೀಲ ತಂದು ಅವಳ ಮುಂದೆ ಇಟ್ಟರು. ಒಳಗೆ ಅವೇ ನಾಲ್ಕು ಬಾಟಲಿ. ಅರೆಬರೆ ಕಿತ್ತ ಲೇಬಲ್ಲುಗಳು ಹಾಗೇ ಇವೆ. ಬಾಯಿಗೆ ಪ್ಲಾಸ್ಟಿಕ್ ಕಟ್ಟಿ ದಾರ ಬಿಗಿದಿದೆ. ಮೂರರ ತುಂಬ ಕುಸುಬಿ ಎಣ್ಣೆ. ನಾಲ್ಕನೆಯದರಲ್ಲಿ ಹುರಿದ ಗುರೆಳ್ಳು.

‘ಆಯಿ ಮನಿಗೆ ತಂದದ್ದನ್ನ ಖಾಲಿ ಹೆಂಗ ಹೊತಗೊಂಡ ಹೋಗ್ತಿ?’ ಎಂದರು. ನಮ್ಮ ಮನೆಯಲ್ಲಿ ಯಾರ ಡಬ್ಬಿಯೂ ಖಾಲಿ ಮರಳುವುದಿಲ್ಲ, ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತೇವೆ. ಆದರೆ ಬಿಯರ್ ಬಾಟಲಿಗೂ?

‘ಈ ಗುರೆಳ್ಳ ಮೂಸಿ ನೋಡು. ಸಣ್ಣ ಉರಿ ಅಂದ್ರ ಹಿಂಗ ಇರಬೇಕು. ನಾ ಅದನ್ನ ಕುಡಿಯಾಕಿ ಅಲ್ಲ. ಆದ್ರ ನನ್ನ ಮೊಮ್ಮಗಳು ಹುರಿದಿದ್ದು ಸೀದೈತಿ ಅಂತ ಯಾರೂ ಅನಬಾರದು.’ ಆಮೇಲೆ ಮೆಲ್ಲಗೆ, ‘ಇನ್ನೊಮ್ಮೆ ಸುಳ್ಳ ಹೇಳಬ್ಯಾಡ.’

ಅಕ್ಷತಾ ಅತ್ತಳು, ನಕ್ಕಳು, ಆಯಿಯನ್ನು ಅಪ್ಪಿಕೊಂಡಳು. ನಾನು ಸೆರಗಿನಿಂದ ಮೂಗು ಒರೆಸಿಕೊಂಡೆ.

ಅಷ್ಟರಲ್ಲಿ ಗಂಗವ್ವ ಬಾಗಿಲಲ್ಲಿ. ‘ಬಾರ್ಲಿ ತಂದ್ಲೇನ್ರಿ ಅಮ್ಮಾರ?’

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. ‘ಬಾರ್ಲಿ ಅಂಗಡ್ಯಾಗ ತಗೋ ಗಂಗವ್ವ. ಈಕಿ ಬಿಯರ್ ಮಾಡ್ತಾಳ.’

ಗಂಗವ್ವ ಅತ್ತ ಇತ್ತ ನೋಡಿದಳು. ಹತ್ತಿರ ಬಂದಳು. ದನಿ ತಗ್ಗಿಸಿದಳು.

‘ಕಲ್ಲ ಬೀಳಾಕ ಅದೂ ನಡೀತೈತಂತಲ್ರಿ, ಖರೆ ಏನು?’

(ಡಾಕ್ಟರನ್ನು ಕೇಳು ಗಂಗವ್ವ, ನನ್ನನ್ನಲ್ಲ.)

ಹಾಗಾದರೆ ಮೂರು ವರ್ಷ ನಾವೆಲ್ಲ ಹೆದರಿದ್ದಾದರೂ ಯಾರಿಗೆ?