ನನ್ನದಲ್ಲದ ಕೈಗುಣ

ಗಿರಿಜಕ್ಕನ ಕೈಗುಣ ಕೆಟ್ಟದ್ದೆಂದು ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಸಾಲಿನ ಹೆಂಗಸರೆಲ್ಲ ನಂಬಿದ್ದು ನನ್ನಿಂದ. ಅದು ಸುಳ್ಳೆಂದು ಗೊತ್ತಿದ್ದವಳು ಇಡೀ ಸಾಲಿನಲ್ಲಿ ನಾನೊಬ್ಬಳೇ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಮರೆತು ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದೂ ಅಲ್ಲ — ಹೇಳಬಾರದೆಂದೇ ಹೇಳಲಿಲ್ಲ.

ನಯಾಪೈಸೆ ಚಲಾವಣೆಗೆ ಬಂದ ವರ್ಷ ಅದು. ಹೊಳೆಹೊನ್ನೂರಿನಿಂದ ಸೊಸೆಯಾಗಿ ಬಂದು ನನಗೆ ಎರಡು ವರ್ಷವಾಗಿತ್ತು. ಯಜಮಾನರು ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸದಲ್ಲಿದ್ದರು. ಗಾಳಿ ನಮ್ಮ ಕಡೆ ತಿರುಗಿದರೆ ಅಂಗಳದ ತುಂಬ ಮಸಿ. ಹಿತ್ತಿಲಲ್ಲಿ ಯಾರು ಏನು ನೆಟ್ಟರೂ ಎಲೆ ಕಪ್ಪಾಗಿ ಮುರುಟಿಕೊಳ್ಳುತ್ತಿತ್ತು. ಅತ್ತೆಗೆ ಎಳೆ ಸೌತೆಕಾಯಿಯ ಕೋಸಂಬರಿ ಎಂದರೆ ಪ್ರಾಣ. ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿದ್ದಾಗ ಬೀಜ ಮಾರುವ ಮುದುಕನೊಬ್ಬ ಗಿಡ್ಡ ತಳಿಯ ಬೀಜ ಕೊಟ್ಟ. "ಇದು ಜಾಸ್ತಿ ಹಬ್ಬೋಲ್ಲಮ್ಮ, ಡಬ್ಬದಲ್ಲೇ ಕೂತ್ಕೊಂಡು ಕಾಯಿ ಬಿಡುತ್ತೆ" ಎಂದ. ಸೀಮೆಎಣ್ಣೆ ಡಬ್ಬವನ್ನು ಅರ್ಧಕ್ಕೆ ಕತ್ತರಿಸಿ, ತಳಕ್ಕೆ ಮೊಳೆಯಿಂದ ತೂತು ಹೊಡೆದು, ಹೊಳೆಯ ಮಣ್ಣು, ಸಗಣಿ ಗೊಬ್ಬರ ತುಂಬಿ, ಮಸಿ ತಾಗದಂತೆ ಮನೆಯೊಳಗೆ ಪೂರ್ವದ ಕಿಟಕಿಯ ಹತ್ತಿರ ಇಟ್ಟೆ. ಬಳ್ಳಿ ಒಂದು ಮೊಳವೂ ಬೆಳೆಯದೆ ಹೂ ಬಿಟ್ಟಿತು.

ಆದರೆ ಸೊಳ್ಳೆ ಕಾಟಕ್ಕೆಂದು ಸಾಲಿನ ಎಲ್ಲ ಮನೆಗಳ ಕಿಟಕಿಗಳಿಗೂ ತಂತಿಯ ಜಾಲರಿ ಹೊಡೆದಿದ್ದರು. ದುಂಬಿ ಒಳಗೆ ಬರುವಂತಿಲ್ಲ. ದುಂಬಿ ಗಂಡು ಹೂವಿನ ಪುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸದೆ ಸೌತೆ ಕಾಯಿ ಕಚ್ಚುವುದಿಲ್ಲ. ಹೂವಿನ ಬುಡದ ಹೀಚು ಹಳದಿಯಾಗಿ ಉದುರಿಬಿಡುತ್ತದೆ. ಇದು ನನಗೆ ಗೊತ್ತಿತ್ತು. ಜಡಿಮಳೆಯ ದಿನಗಳಲ್ಲಿ ನನ್ನಪ್ಪ ಕುಂಬಳದ ಹೂಗಳಿಗೆ ತಾವೇ ಪುಡಿ ಮುಟ್ಟಿಸುತ್ತಿದ್ದರು. ನಾನು ದೀಪದ ಹತ್ತಿಬತ್ತಿಯಿಂದ ಅದನ್ನೇ ಮಾಡಿದೆ — ಬೆಳಿಗ್ಗೆ, ಅತ್ತೆ ನೀರಿಗೆ ಹೋದಾಗ. ಮುಚ್ಚಿಡಬೇಕೆಂದು ಮೊದಲ ದಿನ ಅನಿಸಿರಲಿಲ್ಲ. ಆದರೆ ಮೊದಲ ಕಾಯಿ ಕೊಯ್ದ ದಿನ ಅತ್ತೆ ಅದನ್ನು ಸೆರಗಿನಲ್ಲಿಟ್ಟುಕೊಂಡು ಹತ್ತು ಮನೆಗೆ ತೋರಿಸಿ ಬಂದರು. ಅಲ್ಲಿಯವರೆಗೆ ಅವರ ಬಾಯಲ್ಲಿ ನಾನು 'ಯಾವ ಕೆಲಸಕ್ಕೂ ಬಾರದವಳು'. ಅಂದಿನಿಂದ 'ನಮ್ಮ ಸರೋಜಳ ಕೈಗುಣ'. ಯಾರ ಮನೆಯಲ್ಲಿ ಉಪ್ಪಿನಕಾಯಿ ಹಾಕಿದರೂ ಮೊದಲ ಹಿಡಿ ಉಪ್ಪು ನನ್ನ ಕೈಯಿಂದಲೇ. ಆ ಹೊಗಳಿಕೆ ನನಗೆ ಎಷ್ಟು ಬೇಕಾಗಿತ್ತು ಎಂದರೆ — ಮುಂದಿನದನ್ನು ಓದಿದರೆ ನಿಮಗೇ ತಿಳಿಯುತ್ತದೆ.

ಅದೇ ಹೊತ್ತಿಗೆ ಗಿರಿಜಕ್ಕ ನಮ್ಮ ಪಕ್ಕದ ಮನೆಗೆ ಬಂದರು. ಕುಂಸಿಯವರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಅಣ್ಣನ ಮನೆಯಲ್ಲಿ ಮುಸುರೆ ತಿಕ್ಕಿ ಸಾಕಾಗಿ, ಹಟ ಹಿಡಿದು ಹೆರಿಗೆ ಮಾಡಿಸುವ ವಿದ್ಯೆ ಕಲಿತಿದ್ದರು. ಸಾಲಿನ ಹೆಂಗಸರು ಹೆರಿಗೆಗೆ ಕರೆದರೆ ಇಲ್ಲಿ ಉಳಿಯಬಹುದು, ಇಲ್ಲವಾದರೆ ಮತ್ತೆ ಅಣ್ಣನ ಮನೆಯ ಒಲೆ. ಇಷ್ಟನ್ನು ಅವರೇ ನನಗೆ ಹೇಳಿದ್ದರು. ನನ್ನನ್ನು ತಂಗಿಯಂತೆ ಕಾಣುತ್ತಿದ್ದರು. ನನ್ನ ಡಬ್ಬ ನೋಡಿ ಆಸೆಪಟ್ಟಾಗ ಅದೇ ಬೀಜ, ಅದೇ ಮಣ್ಣು, ಇನ್ನರ್ಧ ಡಬ್ಬ ನಾನೇ ಕೊಟ್ಟೆ. ಬತ್ತಿಯ ವಿಷಯ ಮಾತ್ರ ಕೊಡಲಿಲ್ಲ.

ಅವರ ಬಳ್ಳಿ ನನ್ನದಕ್ಕಿಂತ ಸೊಂಪಾಗಿ ಬೆಳೆಯಿತು. ಮೈತುಂಬ ಹೂ. ಒಂದೂ ನಿಲ್ಲಲಿಲ್ಲ.

ಒಂದು ಮಧ್ಯಾಹ್ನ ಅವರೇ ಬಂದು ಕೇಳಿದರು: "ಯಾಕೆ ಕಚ್ತಿಲ್ಲ ಮಾರಾಯ್ತಿ? ನಾನೇನಾದ್ರೂ ಮಾಡೋದು ಬಿಟ್ಟಿದೀನಾ?"

ಹೇಳಬಹುದಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು ಕೂಡ. "ಬಿಸಿಲು ಸಾಲದೇನೋ ಅಕ್ಕ" ಎಂದೆ. ಪಾಪ, ಆ ಭಾರದ ಡಬ್ಬವನ್ನು ಆ ಕಿಟಕಿಯಿಂದ ಈ ಕಿಟಕಿಗೆ ದಿನವಿಡೀ ಹೊತ್ತರು.

ಆಮೇಲೆ ಒಂದು ದಿನ ರುದ್ರಮ್ಮನವರು ಗಿರಿಜಕ್ಕನ ಮನೆಗೆ ಬಂದರು. ನಮ್ಮ ಸಾಲಿಗೆ ಹಿರಿಯರು. ಅವರು ಕರೆದವರನ್ನೇ ಉಳಿದವರೂ ಕರೆಯುವುದು. ಅವರ ಸೊಸೆಗೆ ಆಗ ಏಳು ತಿಂಗಳು. ಗಿರಿಜಕ್ಕನನ್ನು ಗೊತ್ತುಮಾಡಲು ಬಂದವರು ಡಬ್ಬದ ಸುತ್ತ ಉದುರಿದ್ದ ಹೀಚುಗಳನ್ನು ನೋಡಿ ಹಾಗೇ ನಿಂತುಬಿಟ್ಟರು. ನಾನು ಅಲ್ಲೇ ಇದ್ದೆ.

"ನಿಂದೂ ಇದೇ ಬೀಜ ಅಲ್ವೇನೇ ಸರೋಜಾ? ನಿನ್ನ ಮನೇಲಿ ಹಂಗೆ ಕಾಯಿ ಬಿಡುತ್ತೆ, ಇಲ್ಲಿ ಒಂದೂ ನಿಂತಿಲ್ವಲ್ಲ. ಏನು ಮಾಡ್ತೀಯ ನೀನು?"

ಗಿರಿಜಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಉತ್ತರದ ಮೇಲೆ ಏನೆಲ್ಲ ನಿಂತಿದೆಯೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ನೀರು ಹಾಕ್ತೀನಿ ಅಷ್ಟೇ ಅಮ್ಮ. ಇನ್ನೇನಿದ್ರೂ ಕೈಗುಣ."

ನಾನು ಆಡಿದ್ದು ಇಷ್ಟೇ. ರುದ್ರಮ್ಮನವರು ಸೊಸೆಯ ಮಾತೆತ್ತದೆ ಎದ್ದುಹೋದರು. "ಕಟ್ಟಿದ್ದನ್ನೆಲ್ಲ ಉದುರಿಸೋ ಕೈ ಅದು" ಎಂಬ ಮಾತು ಸಂಜೆಯೊಳಗೆ ಸಾಲಿನ ಕೊನೆಯ ಮನೆಯನ್ನೂ ಮುಟ್ಟಿತು. ಗಿರಿಜಕ್ಕನನ್ನು ಯಾರೂ ಕರೆಯಲಿಲ್ಲ. ರುದ್ರಮ್ಮನವರ ಸೊಸೆ ತವರಿಗೆ ಹೋಗಿ ಸುಖವಾಗಿ ಹೆತ್ತಳು — ಯಾರಿಗೂ ಏನೂ ಕೆಡುಕಾಗಲಿಲ್ಲವಲ್ಲ ಎಂದು ನಾನು ಸಮಾಧಾನ ಮಾಡಿಕೊಂಡೆ. ಕೆಡುಕಾಗಿದ್ದು ಯಾರಿಗೆಂದು ಗೊತ್ತಿದ್ದೂ. ಮಳೆಗಾಲ ಮುಗಿಯುವಷ್ಟರಲ್ಲಿ ಗಿರಿಜಕ್ಕ ಟ್ರಂಕು ಕಟ್ಟಿ ಕುಂಸಿಗೆ ಹೊರಟರು. ನಾನು ಬಾಗಿಲವರೆಗೆ ಹೋಗಿ ಕುಂಕುಮ... ಇಲ್ಲ, ಅದನ್ನೂ ಕೊಡುವ ಹಾಗಿರಲಿಲ್ಲ.

ಹನ್ನೆರಡು ವರ್ಷ ಈ ಮಾತನ್ನು ನುಂಗಿಕೊಂಡು ಬದುಕಿದೆ. ಚೆನ್ನಾಗಿಯೇ ಬದುಕಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ನಾವು ಶಿವಮೊಗ್ಗಕ್ಕೆ ಬಂದು ನೆಲೆಸಿದೆವು. ಇಲ್ಲಿಯೂ ನನಗೆ ಒಳ್ಳೆಯ ಕೈಯವಳೆಂದೇ ಹೆಸರು.

ಕಳೆದ ತಿಂಗಳು ಬಸ್ ಸ್ಟ್ಯಾಂಡಿನಲ್ಲಿ ಗಿರಿಜಕ್ಕ ಸಿಕ್ಕರು. ತಲೆ ಅರ್ಧ ನೆರೆತಿತ್ತು. "ಸರೋಜಾ, ಚೆನ್ನಾಗಿದೀಯೇನೇ?" ಎಂದು ಅದೇ ಅಕ್ಕರೆಯಿಂದ ಕೇಳಿದರು. ನನ್ನ ತಂಗಿಯ ನಾಲ್ಕು ತಿಂಗಳ ಕೂಸು ನನ್ನ ಕಂಕುಳಲ್ಲಿತ್ತು. "ತಗೊಳ್ಳಿ ಅಕ್ಕ, ಎತ್ತಿಕೊಳ್ಳಿ" ಎಂದು ಮುಂದೆ ಹಿಡಿದೆ.

ಅವರು ಎರಡು ಹೆಜ್ಜೆ ಹಿಂದೆ ಸರಿದು ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. "ಬೇಡ ಕಣೇ. ನನ್ನ ಕೈ ಒಳ್ಳೇದಲ್ಲ. ನಮ್ಮಣ್ಣನ ಮೊಮ್ಮಕ್ಕಳನ್ನೂ ನಾನು ಮುಟ್ಟಲ್ಲ."

ಅವರೂ ನಂಬಿಬಿಟ್ಟಿದ್ದರು. ಊರು ನಂಬಿದ್ದು ನನಗೆ ಗೊತ್ತಿತ್ತು. ಅವರೂ — ನಾನು ಇದನ್ನು ಒಂದು ದಿನವೂ ಯೋಚಿಸಿರಲಿಲ್ಲ. ಆಗಲೂ ನಾನು ನಿಜ ಹೇಳಲಿಲ್ಲ. ಕುಂಸಿಯ ಬಸ್ಸು ಬಂತು, ಅವರು ಹತ್ತಿ ಹೋದರು.

ಅವತ್ತೇ ತೀರ್ಮಾನಿಸಿದೆ. ಮೊದಲು ಯಜಮಾನರಿಗೆ ಹೇಳಿದೆ. ಆಮೇಲೆ ಭದ್ರಾವತಿಗೆ ಹೋಗಿ, ಹಾಸಿಗೆ ಹಿಡಿದಿರುವ ರುದ್ರಮ್ಮನವರ ಮುಂದೆ ಕೂತು, ಅವರ ಸೊಸೆ ಕೇಳುವಂತೆ ಹೇಳಿದೆ. ಅವರು "ಇಷ್ಟು ವರ್ಷ ಹೆಂಗೆ ಅನ್ನ ಇಳೀತೇ ನಿನ್ನ ಗಂಟಲಲ್ಲಿ?" ಎಂದರು. ಇಳಿದಿತ್ತು.

ಈ ಭಾನುವಾರ ಕುಂಸಿಗೆ ಹೋಗುತ್ತೇನೆ. ಅವರ ಅಣ್ಣ, ಅತ್ತಿಗೆ, ಮಕ್ಕಳು ಎಲ್ಲರೂ ಮನೆಯಲ್ಲಿರುವ ದಿನ. ಅವರೆಲ್ಲರ ಎದುರಿಗೇ ಹೇಳಬೇಕು. ಕ್ಷಮಿಸಿ ಎಂದು ಕೇಳಲು ಹೋಗುತ್ತಿಲ್ಲ, ಉಗಿದರೆ ಒರೆಸಿಕೊಳ್ಳುತ್ತೇನೆ. ನನಗಿರುವ ಭಯ ಬೇರೆ — ಸರೋಜಾ ನನ್ನ ಸಮಾಧಾನಕ್ಕೆ ಕಥೆ ಕಟ್ಟುತ್ತಿದ್ದಾಳೆ ಎಂದುಕೊಂಡು ಗಿರಿಜಕ್ಕ ನಂಬದೇ ಹೋದರೆ? ನಂಬದಿದ್ದರೆ ಮುಂದಿನ ಭಾನುವಾರ ಮತ್ತೆ ಹೋಗುತ್ತೇನೆ. ಅದರ ಮುಂದಿನ ಭಾನುವಾರವೂ. ಆ ಮನೆಯ ಒಂದು ಕೂಸನ್ನು ಅವರು ತಾವಾಗಿ ಎತ್ತಿಕೊಳ್ಳುವವರೆಗೆ ಹೋಗುತ್ತಲೇ ಇರುತ್ತೇನೆ.